ಚೀಟಿಯ ಬಟ್ಟೆ, ಮನೆಯ ಸೂಜಿ



ಶಿವರಾತ್ರಿ ಕಳೆದು ಯುಗಾದಿ ಸಮೀಪಿಸುತ್ತಿದ್ದಂತೆ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತಂಪೆಂಬುದು ತೋಟದ ನೆರಳಿಗಷ್ಟೇ ಮೀಸಲಾಗುತ್ತದೆ. ಊರೊಳಗಿನ ತಾರಸಿ ಮನೆಗಳು ಕಾದ ಹಂಚಿನಂತಾಗುತ್ತವೆ. ಶುಭಕಾರ್ಯಗಳು ಒತ್ತೊತ್ತಾಗಿ ಬರುವುದೂ ಇದೇ ಕಾಲದಲ್ಲಿಯೇ. ಚೈತ್ರದಲ್ಲಿ ಯಡಿಯೂರು ಸಿದ್ಧಲಿಂಗೇಶ್ವರರ ತೇರು, ವೈಶಾಖದಲ್ಲಿ ಬಸವ ಜಯಂತಿ, ಇವುಗಳ ನಡುವೆ ಮದುವೆಗಳ ಸಾಲು. ಪ್ರತಿಯೊಂದಕ್ಕೂ ಮಕ್ಕಳಿಗೆ ಹೊಸ ಬಟ್ಟೆಯಾಗಬೇಕು. ಪೇಟೆಗೆ ಹೋದ ತಂದೆತಾಯಿಗಳು ಮಿರಮಿರನೆ ಮಿರುಗುವ ಕೃತಕ ನೂಲಿನ ಸಿದ್ಧ ಉಡುಪನ್ನು ಕೊಂಡು ತರುತ್ತಾರೆ. ದಾಸೋಹದ ಪಂಕ್ತಿಯಲ್ಲಿ ಕುಳಿತ ಆ ಕಂದಮ್ಮಗಳು ಪ್ರಸಾದವನ್ನು ಬಿಟ್ಟು ಕುತ್ತಿಗೆಯನ್ನು ಕೆರೆದುಕೊಳ್ಳುತ್ತಿರುವುದನ್ನು ಪ್ರತಿ ವರ್ಷ ನೋಡುತ್ತೇವೆ. ಪಾಲಿಯೆಸ್ಟರ್ ನೂಲು ಬೆವರನ್ನು ಹೀರುವುದಿಲ್ಲ. ಬೆವರು ಮೈಮೇಲೆಯೇ ನಿಂತು ಬೆವರುಸಾಲೆ ಏಳುತ್ತದೆ. ಇದಕ್ಕೆ ಔಷಧಿಯನ್ನು ಹುಡುಕುವುದಕ್ಕಿಂತ ಬಟ್ಟೆಯನ್ನು ಬದಲಿಸುವುದು ಸುಲಭ. ಆದ್ದರಿಂದ ಈ ತಿಂಗಳು ಅಚ್ಚಿನ ಹತ್ತಿಯ ಬಟ್ಟೆಯಿಂದ ಮನೆಯಲ್ಲಿಯೇ ಬೇಸಗೆಯ ಸರಳ ಉಡುಪುಗಳನ್ನು ಹೊಲಿದುಕೊಳ್ಳುವ ವಿಚಾರವನ್ನು ಎತ್ತಿಕೊಂಡಿದ್ದೇನೆ.

ವಚನ, ಷಟ್‌ಸ್ಥಲಗಳ ಮಾತು ಬರುವ ಈ ಪುಟದಲ್ಲಿ ಸೂಜಿದಾರದ ಮಾತೇಕೆ ಎಂದು ಹಿರಿಯರು ಕೇಳಬಹುದು. ನೂಲುವ ಕಾಯಕದ ಕದಿರೆ ರೆಮ್ಮವ್ವೆ, ನೇಯುವ ಕಾಯಕದ ಜೇಡರ ದಾಸಿಮಯ್ಯ, ಹೊಲಿಯುವ ಕಾಯಕದ ಸೂಜಿಕಾಯಕದ ರಾಮಿತಂದೆ, ಒಗೆಯುವ ಕಾಯಕದ ಮಡಿವಾಳ ಮಾಚಿದೇವ, ಈ ನಾಲ್ವರನ್ನು ಒಂದು ಸಾಲಿನಲ್ಲಿಟ್ಟು ನೋಡಿದರೆ ಉತ್ತರ ತಾನೇ ದೊರೆಯುತ್ತದೆ. ಹತ್ತಿಯ ಎಳೆ ನೂಲಾಗುವಲ್ಲಿಂದ ಮಾಸಿದ ಬಟ್ಟೆ ಮಡಿಯಾಗುವವರೆಗೆ ಪ್ರತಿಯೊಂದು ಹಂತದಲ್ಲಿಯೂ ಒಬ್ಬ ಶರಣನೋ ಶರಣೆಯೋ ಇದ್ದಾರೆ. ವೀರಶೈವ ಲಿಂಗಾಯತ ಸಮಾಜದೊಳಗೆ ಹೊಲಿಗೆಯನ್ನೇ ಕುಲವೃತ್ತಿಯಾಗಿ ನಡೆಸಿಕೊಂಡು ಬಂದ ಶಿವಸಿಂಪಿ ಬಂಧುಗಳಿದ್ದಾರೆ. ಹೀಗಿದ್ದೂ ಅನುಕೂಲಸ್ಥ ಮನೆಗಳಲ್ಲಿ "ನಮ್ಮ ಹುಡುಗಿ ಹೊಲಿಗೆ ಹೊಲಿಯಬೇಕಾದ ಗತಿ ಬಂದಿಲ್ಲ" ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ವೇದಿಕೆಯ ಮೇಲೆ ಕಾಯಕವನ್ನು ಕೊಂಡಾಡಿ ಮನೆಯೊಳಗೆ ಸೂಜಿಯನ್ನು ಕೀಳೆಂದು ಕಾಣುವುದು ನನಗಂತೂ ಅರ್ಥವಾಗದ ಸಂಗತಿ.

ಗತಿಯ ಮಾತು ಬಂದಿತು. 2023ರಲ್ಲಿ ಕೊಬ್ಬರಿಯ ಧಾರಣೆಯು ಕ್ವಿಂಟಲಿಗೆ 11,750 ರೂಪಾಯಿಗಳ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಕುಸಿದುದನ್ನು ನಮ್ಮ ಸೀಮೆಯ ಯಾವ ಮನೆಯೂ ಮರೆತಿರಲಾರದು. ಉಂಡೆ ಕೊಬ್ಬರಿಯೆಂದರೆ ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಕಾದ ಮೇಲೆ ಕೈಗೆ ಬರುವ ಹಣ. ಅದು ಬಂದಾಗ ಬೆಲೆಯಿಲ್ಲವೆಂದರೆ ಶಾಲೆಯ ಶುಲ್ಕಕ್ಕೂ ಕೈಸಾಲವೇ ಗತಿ. ಆ ವರ್ಷ ನಾನು ಬಲ್ಲ ಮೂರು ಎಕರೆ ತೋಟದ ಒಂದು ಮನೆಯಲ್ಲಿ ಸೊಸೆಯು ನೆರೆಹೊರೆಯವರಿಗೆ ಮಕ್ಕಳ ಲಂಗ, ಅಂಗಿಗಳನ್ನು ಹೊಲಿದುಕೊಟ್ಟು ದಿನಸಿಯ ಖರ್ಚನ್ನು ತೂಗಿಸಿದಳು. ಹೊಲಿಗೆ ಯಂತ್ರವನ್ನು ಮುಂಬಾಗಿಲಿಗೆ ಕಾಣದಂತೆ ಹಿಂದಿನ ಕೋಣೆಯಲ್ಲಿಡಬೇಕೆಂಬುದು ಅತ್ತೆಯ ಕಟ್ಟಳೆಯಾಗಿತ್ತು. 2025ರಲ್ಲಿ ಧಾರಣೆ ಇಪ್ಪತ್ತು ಸಾವಿರವನ್ನೂ ದಾಟಿ ಮನೆಗಳಲ್ಲಿ ನಗು ಮರಳಿದಾಗ ಆ ಅತ್ತೆಯೇ ಯಂತ್ರವನ್ನು ಪಡಸಾಲೆಯ ಬೆಳಕಿಗೆ ತರಿಸಿದರು. ಕಣ್ಣಿಗೆ ಬೆಳಕು ಚೆನ್ನಾಗಿರಲಿ ಎಂಬುದೊಂದೇ ಅವರು ಕೊಟ್ಟ ಕಾರಣ.

ಅಚ್ಚಿನ ಬಟ್ಟೆಯನ್ನು ನಮ್ಮ ಅಜ್ಜಿಯರು ಚೀಟಿಯ ಬಟ್ಟೆ ಎನ್ನುತ್ತಿದ್ದರು. ಚೀಟಿಯ ಲಂಗ, ಚೀಟಿಯ ರವಿಕೆ ಎಂಬ ಮಾತುಗಳು ಈಗಲೂ ಹಳಬರ ಬಾಯಲ್ಲಿವೆ. ಹಿಂದಿಯ ಛೀಂಟ್, ಇಂಗ್ಲಿಷಿನ ಚಿಂಟ್ಜ್ ಎಲ್ಲವೂ ಒಂದೇ ಬಳಗದ ಶಬ್ದಗಳು. ಭಾರತದ ಈ ಬಟ್ಟೆಯ ಬೆಡಗಿಗೆ ಯೂರೋಪಿನ ನೇಕಾರರು ಎಷ್ಟು ಹೆದರಿದ್ದರೆಂದರೆ ಫ್ರಾನ್ಸ್ ದೇಶವು 1686ರಿಂದ 1759ರವರೆಗೆ ಇದನ್ನು ನಿಷೇಧಿಸಿತ್ತು. ಇಂಗ್ಲೆಂಡಿನಲ್ಲಿ 1721ರ ಕಾನೂನು ಇದನ್ನು ಉಡುವುದನ್ನೇ ಅಪರಾಧವೆಂದು ಸಾರಿತು. ಆಂಧ್ರದ ಮಚಲೀಪಟ್ಟಣದಲ್ಲಿ, ರಾಜಸ್ಥಾನದ ಸಾಂಗಾನೇರ್ ಮತ್ತು ಬಗರೂಗಳಲ್ಲಿ ಮರದ ಅಚ್ಚಿನಿಂದ ಬಟ್ಟೆಗೆ ಬಣ್ಣವೊತ್ತುವ ಕಾಯಕ ಇಂದಿಗೂ ನಡೆದಿದೆ. ನಮ್ಮ ರಾಜ್ಯದಲ್ಲಿಯೇ ಸಾಗರ ತಾಲ್ಲೂಕಿನ ಹೆಗ್ಗೋಡಿನ ಸಮೀಪ, ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ 1990ರ ದಶಕದಲ್ಲಿ ಆರಂಭವಾದ ಚರಕ ಮಹಿಳಾ ಸಹಕಾರ ಸಂಘವು ಅಡಿಕೆಯ ಚೊಗರಿನಂಥ ಸಹಜ ಬಣ್ಣಗಳಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟಿ, ಉಡುಪುಗಳನ್ನು ಹೊಲಿದು ಹೆಸರು ಪಡೆಯಿತು. ಅಲ್ಲಿ ದುಡಿದವರು ಬಹುಮಟ್ಟಿಗೆ ಹಳ್ಳಿಯ ಹೆಣ್ಣುಮಕ್ಕಳೇ. ಅಡಿಕೆಯ ನಾಡಿಗೆ ಸಾಧ್ಯವಾದುದು ತೆಂಗಿನ ನಾಡಿಗೆ ಏಕಾಗದು?

ಇನ್ನು ಬಟ್ಟೆಯನ್ನು ಆರಿಸುವ ಬಗೆ. ಜಾತ್ರೆಯ ಅಂಗಡಿಯವನು ಅಪ್ಪಟ ಹತ್ತಿ ಎಂದು ಪ್ರಮಾಣ ಮಾಡಿದರೂ ಅಂಚಿನಿಂದ ಒಂದು ಎಳೆಯನ್ನು ಕಿತ್ತು ಉರಿಗೆ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೃದುವಾದ ಬೂದಿ ಉಳಿಯುತ್ತದೆ. ಕೃತಕ ನೂಲಾದರೆ ಕರಗಿ ಗಟ್ಟಿಯಾದ ಕರಿಯ ಮಣಿಯಾಗುತ್ತದೆ. ಒದ್ದೆಮಾಡಿದ ಬಿಳಿಯ ಚಿಂದಿಯಿಂದ ಅಚ್ಚನ್ನು ಉಜ್ಜಿದರೆ ಬಣ್ಣ ಎಷ್ಟು ನಿಲ್ಲುವುದೆಂಬುದು ತಿಳಿಯುತ್ತದೆ. ಅಚ್ಚಿನ ಗೆರೆಯು ನೇಯ್ಗೆಯ ಎಳೆಗೆ ನೇರವಾಗಿದೆಯೇ ಎಂದೂ ನೋಡಬೇಕು. ಅಗ್ಗದ ಬಟ್ಟೆಗಳಲ್ಲಿ ಅಚ್ಚು ಓರೆಯಾಗಿ ಕುಳಿತಿರುತ್ತದೆ. ಅಂಥದನ್ನು ಎಳೆಯ ನೇರಕ್ಕೆ ಕತ್ತರಿಸಿದರೆ ಹೂಬಳ್ಳಿ ಒಂದು ಕಡೆಗೆ ವಾಲಿದಂತೆ ಕಾಣುತ್ತದೆ, ಬಳ್ಳಿಯ ನೇರಕ್ಕೆ ಕತ್ತರಿಸಿದರೆ ಎರಡೇ ಒಗೆತಕ್ಕೆ ಉಡುಪು ತಿರುಚಿಕೊಳ್ಳುತ್ತದೆ. ಇದಕ್ಕೆ ಪರಿಹಾರವಿಲ್ಲ, ಕೊಳ್ಳದಿರುವುದೇ ಲೇಸು.

ತಂದ ಬಟ್ಟೆಯನ್ನು ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಯಿಟ್ಟು, ನೆರಳಿನಲ್ಲಿ ಒಣಗಿಸಿ, ಆ ಬಳಿಕವೇ ಕತ್ತರಿ ಹಾಕಬೇಕು. ಹತ್ತಿ ಕುಗ್ಗುವುದಿದ್ದರೆ ಹೊಲಿಯುವ ಮೊದಲೇ ಕುಗ್ಗಲಿ. ನೀರಿಗೆ ಉಪ್ಪು ಹಾಕಿದರೆ ಬಣ್ಣ ಕಟ್ಟುತ್ತದೆಂಬ ನಂಬಿಕೆ ನಮ್ಮಲ್ಲಿ ಪ್ರಬಲವಾಗಿದೆ. ಆದರೆ ಅಚ್ಚಾದ ಬಟ್ಟೆಯ ಬಣ್ಣವನ್ನು ಉಪ್ಪು ಹಿಡಿದಿಡಲಾರದು. ಸಡಿಲವಾದ ಬಣ್ಣವು ಬರಿಯ ನೀರಿನಲ್ಲಿಯೇ ಹೋಗುತ್ತದೆ.

ಮೊದಲಿಗೆ ಹೊಲಿಯಬೇಕಾದುದು ಲಂಗ. ಅದರಲ್ಲಿ ಬಾಗಿದ ಕತ್ತರಿಕೆ ಎಂಬುದೇ ಇಲ್ಲ. ಐದಾರು ವರ್ಷದ ಹೆಣ್ಣುಮಗುವಿಗೆ 36 ಅಂಗುಲ ಪನ್ನದ ಬಟ್ಟೆ ಒಂದೂವರೆ ಮೀಟರ್ ಸಾಕು, ಎಂದರೆ 59 ಅಂಗುಲ. ಲಂಗದ ಉದ್ದ 22 ಅಂಗುಲವಾದರೆ ಸೊಂಟದ ನಾಳಕ್ಕೆ ಒಂದು, ಕೆಳಗಿನ ಮಡಿಕೆಗೆ ಎರಡು ಸೇರಿಸಿ 25 ಅಂಗುಲದ ಎರಡು ಪಟ್ಟೆಗಳನ್ನು ತೆಗೆಯಿರಿ. ಎರಡನ್ನೂ ಪಕ್ಕಪಕ್ಕದಲ್ಲಿ ಕೂಡಿಸಿದರೆ ಸುತ್ತಳತೆ 70 ಅಂಗುಲದಷ್ಟಾಗುತ್ತದೆ. ಮಕ್ಕಳು ಓಡಿಯಾಡಲು ಅಷ್ಟು ಘೇರು ಬೇಕು. ಉಳಿದ 9 ಅಂಗುಲದ ತುಂಡಿನಲ್ಲಿ ಲಾಡಿಯೂ ಒಂದು ಜೇಬೂ ಆಗುತ್ತವೆ. ಹೂವುಗಳೆಲ್ಲ ಒಂದೇ ಕಡೆಗೆ ತಲೆ ಮಾಡಿರುವ ಅಚ್ಚಾದರೆ ಎರಡು ಪಟ್ಟೆಗಳನ್ನೂ ಒಂದೇ ದಿಕ್ಕಿನಲ್ಲಿಟ್ಟು ಕೂಡಿಸುವುದನ್ನು ಮರೆಯಬಾರದು. ಮುಂದೆ ಮೇಲ್ಮುಖವಾದ ಹೂ, ಹಿಂದೆ ತಲೆಕೆಳಗಾದ ಹೂ ಎಂದಾದರೆ ಮಗು ಮೊದಲು ಗಮನಿಸುವುದು ಅದನ್ನೇ.

ನಮ್ಮ ಹಿಂದಿನ ತಾಯಂದಿರು ಲಂಗವನ್ನು ಬೇಕಾದುದಕ್ಕಿಂತ ಉದ್ದವಾಗಿ ಕತ್ತರಿಸಿ, ಅಂಚಿನ ಮೇಲೆ ಒಂದೆರಡು ಅಡ್ಡಮಡಿಕೆಗಳನ್ನು ಹಿಡಿದು ಓಡುಹೊಲಿಗೆ ಹಾಕುತ್ತಿದ್ದರು. ಮಗು ಬೆಳೆದಂತೆ ವರ್ಷಕ್ಕೊಂದು ಮಡಿಕೆಯನ್ನು ಬಿಚ್ಚುವುದು. ಬಿಸಿಲಿಗೂ ಒಗೆತಕ್ಕೂ ಮಾಸಿದ ಲಂಗದ ಮೇಲೆ, ಮಡಿಕೆಯೊಳಗೆ ಅಡಗಿದ್ದ ಭಾಗ ಹೊಸ ಬಣ್ಣದ ಪಟ್ಟಿಯಾಗಿ ಹೊಳೆಯುತ್ತಿತ್ತು. ಮಗು ಒಂದು ವರ್ಷದಲ್ಲಿ ಎಷ್ಟು ಬೆಳೆಯಿತೆಂಬ ಲೆಕ್ಕ ಆ ಪಟ್ಟಿಗಳಲ್ಲಿತ್ತು. ಇಂದಿನವರು ಇದನ್ನು ಬಡತನದ ಗುರುತೆನ್ನಬಹುದು. ನನಗೆ ಹಾಗೆ ಕಾಣುವುದಿಲ್ಲ. ಆರು ತಿಂಗಳಿಗೆ ಬಿಸಾಡುವ ಸಿದ್ಧ ಉಡುಪಿನ ಅಂಚಿನಲ್ಲಿ ಬಿಚ್ಚಲು ಅರ್ಧ ಅಂಗುಲವೂ ಇರುವುದಿಲ್ಲ.

ಗಂಡುಮಕ್ಕಳ ತೋಳಿಲ್ಲದ ಜುಬ್ಬವೂ ಕಷ್ಟದ್ದಲ್ಲ. ಎದೆಯ ಸುತ್ತಳತೆಯ ಅರ್ಧಕ್ಕೆ 3 ಅಂಗುಲ ಸೇರಿಸಿದರೆ ಮುಂಭಾಗದ ಅಗಲ. ಎದೆ 26 ಅಂಗುಲವಾದರೆ 16 ಅಂಗುಲ. ಹೊಲಿಗೆಯ ಅಂಚಿಗೆ ಎರಡೂ ಬದಿ ಅರ್ಧರ್ಧ ಅಂಗುಲ ಹೆಚ್ಚಿಗೆ ಬಿಡಿ. ಭುಜದ ಮೇಲೆ ಮಡಿಸಿದ ಒಂದೇ ಪಟ್ಟೆ ಸಾಕು. ಅಚ್ಚಿಗೆ ತಲೆಬುಡಗಳಿದ್ದರೆ ಮಾತ್ರ ಭುಜದಲ್ಲಿ ಕತ್ತರಿಸಿ ಕೂಡಿಸಬೇಕು. ಕುತ್ತಿಗೆಯನ್ನು ಮೊದಲಿಗೆ ಚಿಕ್ಕದಾಗಿಯೇ ಕತ್ತರಿಸಿ, ತೊಡಿಸಿ ನೋಡಿ, ಆಮೇಲೆ ಹಿಗ್ಗಿಸಿ. ಕುತ್ತಿಗೆ, ಕಂಕುಳುಗಳ ಅಂಚಿಗೆ ದರ್ಜಿಗಳು ಕ್ರಾಸ್ ಪೀಸ್ ಎಂದು ಕರೆಯುವ ಓರೆಪಟ್ಟಿಯನ್ನೇ ಹಾಕಬೇಕು. ನೇರಪಟ್ಟಿ ಬಾಗದೆ ಸೆಟೆದು ನಿಂತು ಮಗುವಿನ ಕುತ್ತಿಗೆಯನ್ನು ಒತ್ತುತ್ತದೆ.

ತುಂಡುಗಳು ಉಳಿಯುತ್ತವೆ, ಸಂಚಿ ಹೊಲಿಯಿರಿ. ನಮ್ಮ ಸೀಮೆಯ ಅಜ್ಜಿಯರ ಸೊಂಟದಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ, ನಾಲ್ಕು ಕಾಸುಗಳಿಗೆ ಬೇರೆಬೇರೆ ಅರೆಗಳಿದ್ದ ಚೀಟಿಯ ಸಂಚಿ ಇರುತ್ತಿತ್ತು. ಎಲೆಅಡಿಕೆ ಬೇಡವಾದರೆ ಕನ್ನಡಕ, ಮೊಬೈಲು, ಬೀಗದ ಕೈ ಇವುಗಳಿಗೆ ಅದೇ ಅರೆಗಳು ಒಪ್ಪುತ್ತವೆ. ಇನ್ನು ಚೀಲ. 2016ರ ಮಾರ್ಚಿಯಲ್ಲಿ ರಾಜ್ಯ ಸರ್ಕಾರವು ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದರೂ ಮದುವೆಮನೆಯ ತಾಂಬೂಲಕ್ಕೆ ಅವು ಹೇಗೋ ಬಂದು ಸೇರುತ್ತವೆ. 36 ಅಂಗುಲ ಪನ್ನದ ಒಂದು ಮೀಟರಿನಲ್ಲಿ 17 ಅಂಗುಲ ಅಗಲದ ಎರಡು ಪಟ್ಟೆಗಳಾಗುತ್ತವೆ, ಮಡಿಸಿ ಎರಡು ಬದಿ ಹೊಲಿದರೆ ಎರಡು ಚೀಲ. ಕೈಗಳಿಗೆ ಸವೆದ ಪಂಚೆಯ ಅಂಚು ಎಲ್ಲಕ್ಕಿಂತ ಗಟ್ಟಿ. ತೆಂಗಿನಕಾಯಿ ಹೊರಬೇಕಾದರೆ ತಳಕ್ಕೆ ಇನ್ನೊಂದು ಪದರವಿರಲಿ.

ಲಿಂಗವಸ್ತ್ರಕ್ಕೆ ಮಾತ್ರ ಅಚ್ಚಿನ ಬಟ್ಟೆ ಬೇಡ. ಅಗ್ಘವಣಿಯ ತೇವವೂ ಎದೆಯ ಬೆವರೂ ತಾಗಿ ಬಣ್ಣ ಬಿಡುತ್ತದೆ. ತೆಳುವಾದ ಬಿಳಿಯ ಮಲ್ಲು ಬಟ್ಟೆಯ 9 ಅಂಗುಲದ ಚೌಕಗಳನ್ನು ನಾಲ್ಕಾರು ಕತ್ತರಿಸಿ, ಅಂಚನ್ನು ಕೈಹೊಲಿಗೆಯಿಂದ ಮಡಿಸಿಟ್ಟುಕೊಂಡರೆ ಬೇಸಗೆಯಲ್ಲಿ ದಿನಕ್ಕೊಂದು ಮಡಿಯಾದುದನ್ನು ಬಳಸಬಹುದು. ಮಕ್ಕಳಿಗೆ ಮೊದಲು ಕೈಹೊಲಿಗೆ ಕಲಿಸಲು ಇದಕ್ಕಿಂತ ಉತ್ತಮವಾದ ಪಾಠವಿಲ್ಲ, ಗಂಡುಮಕ್ಕಳಿಗೂ ಸೇರಿಸಿ ಹೇಳುತ್ತಿದ್ದೇನೆ. ರಾಮಿತಂದೆಗಳು ಗಂಡಸರೇ ಅಲ್ಲವೆ?

ಯಂತ್ರವಿಲ್ಲದವರು ಕೈಹೊಲಿಗೆಯಲ್ಲಿಯೇ ಆರಂಭಿಸಬಹುದು. ಯಂತ್ರಗಳನ್ನು ಅಷ್ಟಾಗಿ ಒಪ್ಪದ ಗಾಂಧೀಜಿಯವರೂ 1924ರಲ್ಲಿ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು, ಅದು ಪ್ರೀತಿಯಿಂದ ಹುಟ್ಟಿದ ಯಂತ್ರವೆಂಬುದು ಅವರ ಭಾವನೆ. ವೃತ್ತಿಯಾಗಿ ಹಿಡಿಯುವವರಿಗೆ ಕೇಂದ್ರ ಸರ್ಕಾರವು 2023ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಹೊಲಿಗೆಯೂ ಒಂದು. ಉಪಕರಣಗಳಿಗೆ 15,000 ರೂಪಾಯಿಗಳವರೆಗೆ ನೆರವು ಅದರಲ್ಲಿ ಉಂಟು.

ತೋಟದ ಕೆಲಸಕ್ಕೆ ತೊಡುವ ಬಟ್ಟೆಯನ್ನು ಕಂದು ನೆಲದ ಅಚ್ಚಿನಲ್ಲಿ ಹೊಲಿಯುವುದು ಜಾಣತನ. ಎಳನೀರೂ ಹಸಿಮಟ್ಟೆಯ ರಸವೂ ಬಿದ್ದಾಗ ನೀರಿನಂತೆ ಕಂಡು, ಒಣಗಿದ ಮೇಲೆ ಕಂದಾಗಿ ಕೂರುವುದು ಎಲ್ಲರಿಗೂ ಗೊತ್ತು. ಒಗರಿನ ಕಲೆಗೆ ಸಾಬೂನು ಬಿಲ್ಲೆಯನ್ನು ಮೊದಲೇ ಉಜ್ಜಿದರೆ ಅದು ಇನ್ನೂ ಕಪ್ಪಾಗುತ್ತದೆ. ಹಸಿಯಿರುವಾಗಲೇ ಬರಿಯ ನೀರಿನಲ್ಲಿ ಚೆನ್ನಾಗಿ ಜಾಲಾಡಿ, ನಿಂಬೆಯ ರಸ ಸವರಿ, ಮತ್ತೆ ಜಾಲಾಡಿ, ಕೊನೆಗೆ ಸಾಬೂನು ಹಚ್ಚಬೇಕು.

ಗುಂಡಿಗಳಿಗಂತೂ ಪೇಟೆಗೆ ಹೋಗಬೇಕಾದ್ದಿಲ್ಲ. ಬಲಿತ ಕಾಯಿಯ ಒಣಚಿಪ್ಪಿನ ಬದಿಯ ಭಾಗದಲ್ಲಿ ಬಾಗು ಕಡಿಮೆಯಿರುತ್ತದೆ. ಅಲ್ಲಿಂದ ಗರಗಸದ ಅಲಗಿನಿಂದ ಚೌಕಗಳನ್ನು ಕೊಯ್ದು, ಸಾಣೆಕಲ್ಲಿನ ಮೇಲೆ ದುಂಡಗೆ ತೇದು, ಮರಳುಕಾಗದದಿಂದ ನುಣುಪು ಮಾಡಿ, ಸಣ್ಣ ಬೈರಿಗೆಯಿಂದ ಎರಡು ತೂತು ಕೊರೆಯಿರಿ. ತೂತಿನ ಅಂಚನ್ನು ಚೆನ್ನಾಗಿ ಉಜ್ಜದಿದ್ದರೆ ದಾರ ಬೇಗ ಹರಿಯುತ್ತದೆ. ಕೊನೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಚಿಪ್ಪಿನ ಬಣ್ಣ ಕಪ್ಪುಗೆಂಪಾಗಿ ಏಳುತ್ತದೆ. ಎಣ್ಣೆ ಒಂದು ದಿನ ಇಂಗಿದ ಮೇಲೆ, ಒರೆಸಿ, ಬಟ್ಟೆಗೆ ಹೊಲಿಯಿರಿ.