ಸೊಸೆ ಬಂದ ವರ್ಷ ಕಾಯಿ ಕಡಿಮೆಯಾದರೆ...



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಅಟ್ಟದ ತುಂಬ ಕಾಯಿ ಇರುತ್ತದೆ. ಹೈಸ್ಕೂಲು ಮಕ್ಕಳಿಗೆ ಸಂಖ್ಯಾಶಾಸ್ತ್ರ ಕಲಿಸಲು ಇದೊಂದೇ ಸಾಕು. ಸರಾಸರಿ ತೆಗೆಯುವುದನ್ನು ಅವರು ಶಾಲೆಯಲ್ಲಿ ಕಲಿಯುತ್ತಾರೆ. ಆದರೆ ಒಂದು ಹೆಚ್ಚಿದಾಗ ಇನ್ನೊಂದೂ ಹೆಚ್ಚುತ್ತದೆಯೇ, ಇಳಿಯುತ್ತದೆಯೇ, ಅಥವಾ ಎರಡಕ್ಕೂ ಸಂಬಂಧವೇ ಇಲ್ಲವೇ? ಇದನ್ನು ಹುಡುಕಲು ಕಲಿಯುವುದು ಬದುಕಿಗೆ ಇನ್ನೂ ಅಗತ್ಯ.

ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿ, ಚಿಪ್ಪು ಬಿಡಿಸಿದ ಇಪ್ಪತ್ತು ಉಂಡೆ ಕೊಬ್ಬರಿಯನ್ನು ಮಗಳ ಮುಂದಿಡಿ. ದಾರ ಸುತ್ತಿ ಸುತ್ತಳತೆ ತೆಗೆಯಲಿ, ತಕ್ಕಡಿಯಲ್ಲಿ ತೂಗಲಿ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಸುತ್ತಳತೆ, ಮೇಲಕ್ಕೆ ತೂಕ ಗುರುತಿಸಿ, ಒಂದೊಂದು ಉಂಡೆಗೆ ಒಂದೊಂದು ಚುಕ್ಕಿ ಇಡಲಿ. ಚುಕ್ಕಿಗಳು ಎಡದಿಂದ ಬಲಕ್ಕೆ ಏರುತ್ತಾ ಹೋದರೆ ಎರಡೂ ಜೊತೆಯಾಗಿ ಹೆಚ್ಚುತ್ತವೆ ಎಂದರ್ಥ. ಪುಸ್ತಕದಲ್ಲಿ ಇದನ್ನೇ ಸಹಸಂಬಂಧ ಎನ್ನುತ್ತಾರೆ. ಯಾವುದಾದರೂ ಚುಕ್ಕಿ ಗುಂಪಿನಿಂದ ದೂರ ನಿಂತರೆ ಅಳಿಸಲು ಬಿಡಬೇಡಿ. ಅಳತೆ ತಪ್ಪಿತೇ, ಕೊಬ್ಬರಿಯೇ ತೆಳುವಾಗಿದೆಯೇ ಎಂದು ಆ ಉಂಡೆಯನ್ನು ಮತ್ತೆ ಪರೀಕ್ಷಿಸಲಿ.

ಇನ್ನು ಮಳೆ ಮತ್ತು ಇಳುವರಿ. ಕಾಯಿಯ ಲೆಕ್ಕ ಮನೆಯ ಪುಸ್ತಕದಲ್ಲಿರುತ್ತದೆ, ಮಳೆಯ ಅಂಕಿಗಳನ್ನು ಕೃಷಿ ಇಲಾಖೆಯಲ್ಲಿ ಕೇಳಬಹುದು. ಆಯಾ ವರ್ಷದ ಮಳೆಗೆ ಅದೇ ವರ್ಷದ ಕಾಯಿಯನ್ನು ಹೊಂದಿಸಿದರೆ ಚುಕ್ಕಿಗಳು ಚೆಲ್ಲಾಪಿಲ್ಲಿಯಾಗಬಹುದು. ಹಾಗೆಂದು ಮಳೆಗೂ ತೆಂಗಿಗೂ ಸಂಬಂಧವಿಲ್ಲ ಎನ್ನಲಾಗದು. ಮರದ ಸುಳಿಯೊಳಗೆ ಹೊಂಬಾಳೆ ಮೂಡಿ, ಹೊರಬಂದು, ಕಾಯಿ ಬಲಿಯಲು ಒಟ್ಟು ಸುಮಾರು 44 ತಿಂಗಳು ಬೇಕು. ಅದರಲ್ಲಿ ಹೊಂಬಾಳೆ ಒಡೆದ ನಂತರದ ಅವಧಿ 12 ತಿಂಗಳಷ್ಟೇ. ಆದ್ದರಿಂದ ಬರದ ಪೆಟ್ಟು ನಂತರದ ವರ್ಷಗಳಲ್ಲೂ ಕಾಣುತ್ತದೆ. ಈ ವರ್ಷದ ಇಳುವರಿಯನ್ನು ಒಂದು, ಎರಡು, ಮೂರು ವರ್ಷ ಹಿಂದಿನ ಮಳೆಯೊಂದಿಗೂ ಹೋಲಿಸಿ ನೋಡಲಿ.

ಇದನ್ನು ತಿಳಿಯದೆ ನಾವು ಎಷ್ಟು ಸುಲಭವಾಗಿ ತಪ್ಪು ಹೊರಿಸುತ್ತೇವೆ! 'ಈ ಸೊಸೆ ಕಾಲಿಟ್ಟ ವರ್ಷವೇ ಕಾಯಿ ಕಡಿಮೆಯಾಯಿತು' ಎಂಬ ಮಾತು ಒಂದು ಹೆಣ್ಣಿನ ನೆಮ್ಮದಿಯನ್ನೇ ಕೆಡಿಸುತ್ತದೆ. ಆ ವರ್ಷ ಕಿತ್ತ ಕಾಯಿಗಳು ಸುಳಿಯೊಳಗೆ ರೂಪುಗೊಂಡದ್ದು ಅವಳ ಮದುವೆಗೆ ಮೊದಲೇ. ಎರಡು ಸಂಗತಿ ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ.

ಅಂಥ ಮಾತು ಕೇಳಿದಾಗಲೆಲ್ಲ ಮಕ್ಕಳು ಮೂರು ಪ್ರಶ್ನೆ ಕೇಳಲಿ: ಎಷ್ಟು ವರ್ಷ ಹೀಗಾಗಿದೆ? ಯಾವುದು ಮೊದಲು ನಡೆಯಿತು? ಮೂರನೆಯ ಕಾರಣವೇನಾದರೂ ಇದೆಯೇ? ಹೀಗೆ ಕೇಳಲು ಕಲಿತ ಹುಡುಗ ನಾಳೆ ತನ್ನ ಹೆಂಡತಿಯ ಮೇಲೆ ಇಂಥ ಆರೋಪ ಹೊರಿಸಲು ಬಿಡಲಾರ.