ತರಗತಿಗೆ ಬಾರದವರಿಗೂ ಪಾಠ ಮುಟ್ಟಲಿ



ಸಿಂದಗಿ ತಾಲೂಕಿನ ಯಂಕಂಚಿಯಂಥ ಊರಿನಿಂದ ಪದವಿ ಕಾಲೇಜಿಗೆ ಹೋಗುವ ಹುಡುಗ ತೊಗರಿ ರಾಶಿಯ ದಿನಗಳಲ್ಲಿ, ಬಿಳಿಜೋಳ ಕೀಳುವ ದಿನಗಳಲ್ಲಿ ತರಗತಿಯಲ್ಲಿ ಇರುವುದಿಲ್ಲ. ಮನೆಯವರು ಕಬ್ಬು ಕಡಿಯಲು ಗಡಿ ದಾಟಿದರೆ ತಿಂಗಳುಗಟ್ಟಲೆ ಇರುವುದಿಲ್ಲ. ಹುಡುಗಿಗಾದರೆ ಬಸ್ಸು ತಪ್ಪಿದ ದಿನ ಪಾಠವೂ ತಪ್ಪಿತು. ಕೊನೆಗೆ ಶೇ. 75ರ ಹಾಜರಾತಿಯ ಲೆಕ್ಕ ಬರುತ್ತದೆ. ಕೆಲವರು ಅಲ್ಲಿಗೇ ಓದು ಬಿಡುತ್ತಾರೆ.

ದಾರಿ ಇಲ್ಲದೆ ಇಲ್ಲ. ಪಠ್ಯದ ಶೇ. 40ರವರೆಗೆ ಆನ್‌ಲೈನಿನಲ್ಲಿ ಕಲಿಸಬಹುದೆಂದು ಯುಜಿಸಿ 2021ರ ಮೇ ತಿಂಗಳಲ್ಲೇ ಮಿಶ್ರ ಬೋಧನೆಯ ಟಿಪ್ಪಣಿಯಲ್ಲಿ ಸೂಚಿಸಿದೆ. ಆದರೆ ನಾನು ಕಂಡ ತರಬೇತಿ ಶಿಬಿರಗಳಲ್ಲಿ ಅಧ್ಯಾಪಕರಿಗೆ ಹೇಳಿಕೊಡುವುದು ಯಂತ್ರ ನಡೆಸುವುದನ್ನು: ಯಾವ ಗುಂಡಿ ಒತ್ತಬೇಕು, ಕ್ಯಾಮೆರಾ ಎಲ್ಲಿಡಬೇಕು. ಪಾಠವನ್ನು ಹೇಗೆ ಒಡೆದು ಕಟ್ಟಬೇಕೆಂಬ ಮಾತೇ ಬರುವುದಿಲ್ಲ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ವಿಶ್ವವಿದ್ಯಾಲಯದ ಬ್ರಯಾನ್ ಬೀಟಿ ಎಂಬ ಅಧ್ಯಾಪಕರು ಸುಮಾರು 2006ರ ಹೊತ್ತಿಗೆ ‘ಹೈಫ್ಲೆಕ್ಸ್’ ಎಂಬ ಕ್ರಮ ರೂಪಿಸಿದರು. ಅವರೆದುರು ಇದ್ದವರೂ ದುಡಿಯುತ್ತ ಓದುವವರೇ. ಬಂದು ಕಲಿಯುವುದೋ, ಇದ್ದಲ್ಲೇ ಕಲಿಯುವುದೋ, ಆಯ್ಕೆ ವಿದ್ಯಾರ್ಥಿಯದು. ಆದರೆ ಎರಡೂ ದಾರಿಯಲ್ಲಿ ಕಲಿಕೆ ಸಮನಾಗಿರಬೇಕು. ಕಷ್ಟವಿರುವುದು ಈ ಸಮಾನತೆಯಲ್ಲಿ.

ಬಿ.ಕಾಂ. ಲೆಕ್ಕಶಾಸ್ತ್ರವನ್ನೇ ತೆಗೆದುಕೊಳ್ಳಿ. ಮುಕ್ಕಾಲು ಗಂಟೆಯ ವಿಡಿಯೊ ನೂರಾರು ಎಂಬಿ ತಿನ್ನುತ್ತದೆ; ಮನೆಗೊಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ. ಹತ್ತು ನಿಮಿಷದ ಧ್ವನಿಪಾಠ ಕೆಲವೇ ಎಂಬಿ. ಅದರೊಂದಿಗೆ ಎರಡು ಪುಟದ ಅಚ್ಚಿನ ಟಿಪ್ಪಣಿ, ಕೈಯಿಂದ ಬಿಡಿಸುವ ಒಂದು ಲೆಕ್ಕ. ತರಗತಿಯಲ್ಲಿ ಕೂತವರಿಗೂ ಹೊಲದಲ್ಲಿರುವವರಿಗೂ ಅದೇ ಲೆಕ್ಕ. ತಿದ್ದಿದ ಉತ್ತರ ಇಬ್ಬರಿಗೂ ಅದೇ ವಾರ. ತಪ್ಪು ತಿದ್ದುವ, ಚರ್ಚಿಸುವ ತಾಸುಗಳನ್ನು ಮುಖಾಮುಖಿಗೆ ಉಳಿಸಿಕೊಳ್ಳಬೇಕು. ಯಾವುದನ್ನು ಎಲ್ಲಿಡಬೇಕೆಂಬ ಈ ವಿವೇಕವೇ ತರಬೇತಿಯ ವಿಷಯವಾಗಬೇಕು, ಸಾಫ್ಟ್‌ವೇರ್ ಆಮೇಲೆ.

ಇದು ಬಿಟ್ಟಿ ಕೆಲಸವಲ್ಲ. ಒಂದು ಪಾಠವನ್ನು ಎರಡು ದಾರಿಗೆ ಸಿದ್ಧಮಾಡಲು ದುಪ್ಪಟ್ಟು ಹೊತ್ತು ಬೇಕು. ಅದನ್ನು ಅತಿಥಿ ಉಪನ್ಯಾಸಕರ ತಲೆಗೆ ಕಟ್ಟಿ ಕಾಯಕವೆಂದು ಹೊಗಳಿ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ತರಬೇತಿಯ ದಿನಗಳಿಗೂ ಸಂಬಳ ಸಲ್ಲಬೇಕು.

ಫ.ಗು. ಹಳಕಟ್ಟಿಯವರು ಮುಂದೆ ನಿಂತು 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟಿದ ಜಿಲ್ಲೆ ನಮ್ಮದು. ಪ್ರಸಾದ ನಿಲಯ ನಡೆಸಿ ಗೊತ್ತಿರುವ ನಮ್ಮ ಮಠಗಳು ಬೇಸಿಗೆ ರಜೆಯಲ್ಲಿ ಹತ್ತು ದಿನ ಸಭಾಭವನ, ದಾಸೋಹ ಒದಗಿಸಲಿ. ಅಧ್ಯಾಪಕರು ತಮ್ಮ ಪಠ್ಯಕ್ರಮವನ್ನೇ ಹಿಡಿದು ಬರಲಿ, ಒಂದು ಘಟಕ ಸಿದ್ಧಮಾಡಿಯೇ ಹೋಗಲಿ. ಕೊನೆಯ ದಿನ ಓದು ಬಿಟ್ಟ ನಾಲ್ಕು ಮಕ್ಕಳನ್ನು ಕೂಡಿಸಿ, ಆ ಘಟಕ ಅವರ ಫೋನಿನಲ್ಲಿ ತೆರೆಯುತ್ತದೆಯೇ, ತಿಳಿಯುತ್ತದೆಯೇ ನೋಡಲಿ.