ಹಿಮದೂರಿನ ಸೂರು: ಹತ್ತಿ ನೋಡುವುದಕ್ಕಿಂತ ಒಳಗೆ ನೋಡಿ

ಹಾಸನದ ಕಡೆಯ ಓದುಗರೊಬ್ಬರು ಬರೆದ ಪತ್ರವೇ ಈ ಸಲದ ಅಂಕಣಕ್ಕೆ ವಸ್ತು. ಅವರ ಮಗಳು-ಅಳಿಯ ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ, ಮಿನಿಯಾಪೊಲಿಸ್ ಊರಿನ ಹತ್ತಿರ ಒಂದು ಹಳೆಯ ಮನೆ ಕೊಂಡಿದ್ದಾರೆ. ಕಳೆದ ಚಳಿಗಾಲದಲ್ಲಿ ಮನೆಯ ಸೂರಂಚಿನಿಂದ ಮೊಳದುದ್ದದ ಮಂಜುಗಡ್ಡೆಯ ಕೋಲುಗಳು ಇಳಿಬಿದ್ದಿದ್ದವಂತೆ. ಮಗಳು ಫೋಟೋ ಕಳಿಸಿದಾಗ “ಗಾಜಿನ ತೋರಣ ಕಟ್ಟಿದ ಹಾಗಿದೆ” ಅಂತ ಇವರು ಸಂತೋಷಪಟ್ಟರಂತೆ. ಆದರೆ ಫೆಬ್ರುವರಿಯಲ್ಲಿ ಮಲಗುವ ಕೋಣೆಯ ಸೀಲಿಂಗಿನ ಮೂಲೆಯಲ್ಲಿ ಕಾಫಿ ಚೆಲ್ಲಿದ ಹಾಗೆ ಕಂದು ಕಲೆ ಮೂಡಿ, ಎರಡು ದಿನ ಹನಿ ಹನಿಯಾಗಿ ನೀರು ಬಿತ್ತು.

ಈಗ ಮಗಳು ಗರ್ಭಿಣಿ. ನವೆಂಬರಿನಲ್ಲಿ ಹೆರಿಗೆ. ಬಾಣಂತನಕ್ಕೆ ಇವರು ಅಕ್ಟೋಬರಿನಲ್ಲಿ ಹೊರಟಿದ್ದಾರೆ. ತೊಟ್ಟಿಲು ಇಡಬೇಕೆಂದಿರುವುದು ಅದೇ ಕೋಣೆಯಲ್ಲಿ. “ತಿಳಿದವರನ್ನು ಕರೆಸಿ ಸೂರು ನೋಡಿಸೋಣ” ಅನ್ನುತ್ತಾಳೆ ಮಗಳು. “ಸೂರು ಹೊದಿಸಿ ಎಂಟೇ ವರ್ಷ ಆಗಿದೆ. ಬರೀ ನೋಡಿ ಹೋಗೋದಕ್ಕೆ ನೂರಾರು ಡಾಲರ್ ಯಾಕೆ ಕೊಡಬೇಕು? ಏಣಿ ಹಾಕಿ ನಾನೇ ಹತ್ತಿ ನೋಡ್ತೀನಿ” ಅನ್ನುತ್ತಾರೆ ಅಳಿಯ. “ಇಲ್ಲಿ ಕೂತು ನಾನು ಯಾರ ಕಡೆ ಮಾತಾಡಲಿ?” ಅಂತ ಓದುಗರು ಕೇಳಿದ್ದಾರೆ.

ಮಗಳ ಕಡೆಗೇ ಮಾತಾಡಿ, ತಾಯಿ. ಅದೂ ಚಳಿಗೆ ಮುಂಚೆ. ನಿಮ್ಮ ಹಾಗೇ ಹಿಮ ಬೀಳುವ ಊರುಗಳಲ್ಲಿ ಮಕ್ಕಳನ್ನು ಇಟ್ಟುಕೊಂಡಿರುವ ತಾಯಂದಿರು ಈಗ ನಮ್ಮ ಸಣ್ಣ ಊರುಗಳಲ್ಲೂ ಬಹಳ ಮಂದಿ ಇದ್ದಾರೆ. ಆದದ್ದರಿಂದ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ನಮ್ಮ ನೀರು ಹರಿಯುತ್ತದೆ, ಅವರ ನೀರು ಕೂರುತ್ತದೆ

ಮಲೆನಾಡಿನ ಹೆಂಚಿನ ಮನೆಯವರಿಗೆ ಸೂರಿನ ಕಾಳಜಿ ಹೊಸದಲ್ಲ. ಮಳೆ ಹಿಡಿಯುವ ಮುಂಚೆ ಆಳು ಹತ್ತಿ ಒಡೆದ ಹೆಂಚು ತೆಗೆದು ಬೇರೆ ಹಾಕಿದರೆ ಆಯಿತು. ಮಳೆ ಎಷ್ಟೇ ಜೋರಾಗಿ ಬರಲಿ, ಬಿದ್ದ ನೀರು ಇಳಿದು ಹೋಗುತ್ತದೆ.

ಮಿನಿಯಾಪೊಲಿಸ್‌ನಲ್ಲಿ ಹಾಗಲ್ಲ. ಅಲ್ಲಿ ವರ್ಷಕ್ಕೆ ಸರಾಸರಿ ಸುಮಾರು 130 ಸೆಂಟಿಮೀಟರ್ ಹಿಮ ಬೀಳುತ್ತದೆ. ಆ ರಾಜ್ಯದ ಟವರ್ ಎಂಬ ಊರಿನಲ್ಲಿ 1996ರ ಫೆಬ್ರುವರಿ 2ರಂದು ಸೊನ್ನೆಗಿಂತ 51 ಡಿಗ್ರಿ ಕೆಳಗೆ ಚಳಿ ದಾಖಲಾಗಿತ್ತು. ಬಿದ್ದ ಹಿಮ ಸೂರಿನ ಮೇಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಕೂರುತ್ತದೆ. ಅದರ ಭಾರವೂ ಕಡಿಮೆಯಲ್ಲ. 10 ಅಡಿ ಉದ್ದ 10 ಅಡಿ ಅಗಲದ ಜಾಗದ ಮೇಲೆ ಹೊಸ ಹಿಮ ಒಂದು ಅಡಿ ಕೂತರೆ ಸುಮಾರು 200 ಕಿಲೋ, ಅಂದರೆ ನಾಲ್ಕು ಮೂಟೆ ಸಿಮೆಂಟು. ಅದೇ ಹಿಮ ಹಳೆಯದಾಗಿ ಒತ್ತಿ ಕೂತರೆ ಒಂದು ಅಡಿಗೆ ಮೂರು ಪಟ್ಟು ತೂಗಬಹುದು. ಮಂಜುಗಡ್ಡೆಯಾದರಂತೂ ಒಂದೇ ಅಂಗುಲ ದಪ್ಪಕ್ಕೆ 200 ಕಿಲೋ!

ಗಾಜಿನ ತೋರಣದ ಗುಟ್ಟು

ಈಗ ಆ ಕಂದು ಕಲೆಗೆ ಬರೋಣ. ಅಲ್ಲಿನ ಮನೆಗಳಲ್ಲಿ ಸೀಲಿಂಗಿಗೂ ಸೂರಿಗೂ ನಡುವೆ ಅಟ್ಟ ಇರುತ್ತದೆ. ಅಟ್ಟದ ನೆಲದ ಮೇಲೆ ಹತ್ತಿಯಂಥ ಇನ್ಸುಲೇಷನ್ ಹರಡಿರುತ್ತಾರೆ. ಮನೆಯ ಕಾವು ಮೇಲೆ ಹೋಗದಂತೆ ತಡೆಯುವ ರಜಾಯಿ ಅದು ಅಂದುಕೊಳ್ಳಿ. ಈ ರಜಾಯಿ ತೆಳುವಾಗಿದ್ದರೆ, ಅಥವಾ ದೀಪದ ತೂತು, ಪೈಪಿನ ಸಂದು, ಅಟ್ಟದ ಬಾಗಿಲು ಇವುಗಳ ಮೂಲಕ ಮನೆಯ ಬಿಸಿಗಾಳಿ ಮೇಲೇರಿದರೆ, ಅಟ್ಟ ಬೆಚ್ಚಗಾಗುತ್ತದೆ. ಸೂರಿನ ಮೇಲೆ ಕೂತ ಹಿಮ ಅಡಿಯಿಂದ ಕರಗುತ್ತದೆ. ಕರಗಿದ ನೀರು ಇಳಿದು ಸೂರಂಚಿಗೆ ಬರುತ್ತದೆ. ಸೂರಂಚು ಗೋಡೆಯಿಂದ ಹೊರಗೆ ಚಾಚಿರುವುದರಿಂದ ಅದರ ಕೆಳಗೆ ಕಾವಿಲ್ಲ. ನೀರು ಅಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ದಿನಾ ಇದೇ ನಡೆದು ಸೂರಂಚಿನ ಉದ್ದಕ್ಕೂ ಮಂಜುಗಡ್ಡೆಯ ಕಟ್ಟೆ ಏಳುತ್ತದೆ. ಅದರ ಹಿಂದೆ ನೀರು ಕೆರೆಯ ಹಾಗೆ ನಿಲ್ಲುತ್ತದೆ.

ಅಲ್ಲಿ ಸೂರಿಗೆ ಹೊದಿಸುವ ಡಾಂಬರಿನ ಬಿಲ್ಲೆಗಳು, ಶಿಂಗಲ್ಸ್ ಅನ್ನುತ್ತಾರಲ್ಲ, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಹರಿಯುವ ನೀರನ್ನು ಅವು ಚೆನ್ನಾಗಿ ತಡೆಯುತ್ತವೆ, ನಿಂತ ನೀರನ್ನು ತಡೆಯಲಾರವು. ನೀರು ಅವುಗಳ ಅಡಿಗೆ ನುಸುಳಿ, ಹಲಗೆ ನೆನೆಸಿ, ಸೀಲಿಂಗಿಗೆ ಇಳಿಯುತ್ತದೆ. ಹೊದಿಕೆ ಎಂಟು ವರ್ಷದ್ದಾಗಲಿ ಎಂಟು ತಿಂಗಳದ್ದಾಗಲಿ, ಅಟ್ಟದಿಂದ ಕಾವು ಸೋರುತ್ತಿದ್ದರೆ ಇದು ತಪ್ಪಿದ್ದಲ್ಲ. ಆದದ್ದರಿಂದ ಅಳಿಯಂದಿರು ಏಣಿ ಹಾಕಿ ಹತ್ತಿದರೂ ರೋಗ ಕಾಣುವುದಿಲ್ಲ. ಅದು ಇರುವುದು ಮನೆಯ ಒಳಗೆ. ಜಾರಿ ಬಿದ್ದರೆ ಸೊಂಟ ಮುರಿಯುವುದೊಂದೇ ಲಾಭ.

ಅಟ್ಟ ತಣ್ಣಗಿರಬೇಕು, ಮನೆ ಬೆಚ್ಚಗಿರಬೇಕು. ಹಿಮದೂರಿನ ಮನೆಗೆ ಈ ಒಂದು ಮಾತು ಸಾಕು.

ಹಿಮ ನೆಪ ಮಾತ್ರ

ಒಳಗಿನ ತೇವ ಎಷ್ಟು ಕೇಡು ಮಾಡಬಲ್ಲದು ಅನ್ನುವುದಕ್ಕೆ ಜರ್ಮನಿಯ ಬಾಡ್ ರೈಖೆನ್‌ಹಾಲ್ ಊರಿನ ಸಂಗತಿ ಕೇಳಿ. 2006ರ ಜನವರಿ 2ರಂದು ಅಲ್ಲಿಯ ಮಂಜುಗಡ್ಡೆಯ ಸ್ಕೇಟಿಂಗ್ ಭವನದ ಸೂರು ಕುಸಿದು 15 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಆ ದಿನ ಬಹಳ ಹಿಮ ಬಿದ್ದಿತ್ತು, ನಿಜ. ಆದರೆ ಅದು ಆ ಸೂರಿನ ಲೆಕ್ಕಕ್ಕೆ ಮೀರಿದ ಭಾರವಾಗಿರಲಿಲ್ಲ. ಮರದ ತೊಲೆಗಳನ್ನು ಕೂಡಿಸಿದ್ದ ಅಂಟು ವರ್ಷಗಟ್ಟಲೆ ಒಳಗಿನ ತೇವ ಕುಡಿದು ಸಡಿಲವಾಗಿತ್ತು ಎಂದು ತನಿಖೆಯಲ್ಲಿ ಗೊತ್ತಾಯಿತು. ಹತ್ತಿರದಿಂದ ನೋಡಿದ್ದರೆ ಮುಂಚೆಯೇ ತಿಳಿಯಬಹುದಿತ್ತು. ವಾಸದ ಮನೆ ಅಷ್ಟು ದೊಡ್ಡದಲ್ಲ, ಹೆದರಬೇಕಾಗಿಲ್ಲ. ಆದರೆ ಪಾಠ ಒಂದೇ.

ಯಾವಾಗ, ಯಾರನ್ನು ಕರೆಯಬೇಕು?

ಸೆಪ್ಟೆಂಬರ್ ಬಿಟ್ಟರೆ ಅಕ್ಟೋಬರಿನ ಮೊದಲ ಎರಡು ವಾರ. ಅದಕ್ಕಿಂತ ತಡ ಬೇಡ. 1991ರಲ್ಲಿ ಅಕ್ಟೋಬರ್ 31ರಿಂದ ನವೆಂಬರ್ 3ರವರೆಗೆ ಮಿನಿಯಾಪೊಲಿಸ್ ಮೇಲೆ 28 ಅಂಗುಲಕ್ಕೂ ಮಿಕ್ಕಿ ಹಿಮ ಸುರಿದಿತ್ತು. ಇನ್ನೊಂದು ಕಾರಣವೂ ಉಂಟು. ಶಿಂಗಲ್ಸ್ ಒಂದಕ್ಕೊಂದು ಅಂಟಿ ಕೂರಲು ಸ್ವಲ್ಪ ಬಿಸಿಲು ಬೇಕು. ಕೊರೆಯುವ ಚಳಿಯಲ್ಲಿ ಅವು ಹಪ್ಪಳದ ಹಾಗೆ ಮುರಿಯುತ್ತವೆ. ದೋಷ ಕಂಡ ಮೇಲೆ ರಿಪೇರಿಗೆ ದಿನ ಉಳಿದಿರಬೇಕಲ್ಲವೇ?

ನೋಡುವವರು ಬೇರೆ, ರಿಪೇರಿ ಮಾಡುವವರು ಬೇರೆ ಇರಲಿ. “ಪುಕ್ಕಟೆ ನೋಡಿಕೊಡ್ತೀವಿ” ಅಂತ ಬರುವ ಸೂರಿನ ಕಂಪನಿಗಳು ಅಲ್ಲಿ ಬೇಕಾದಷ್ಟು. ಆಲಿಕಲ್ಲಿನ ಮಳೆಯಾದ ಮರುದಿನವೇ ಬಾಗಿಲು ತಟ್ಟುವವರೂ ಇದ್ದಾರೆ. ಎಲ್ಲರೂ ಮೋಸಗಾರರೆಂದಲ್ಲ. ಆದರೆ ಹೊಸ ಸೂರು ಮಾರಬೇಕಾದವನ ಕಣ್ಣಿಗೆ ಹಳೆಯ ಸೂರು ಸರಿಯಾಗಿದೆ ಅಂತ ಕಾಣುವುದು ಕಷ್ಟ. ನೋಡುವುದಕ್ಕಷ್ಟೇ ಹಣ ತೆಗೆದುಕೊಳ್ಳುವ ಮನೆ ಪರೀಕ್ಷಕರನ್ನು ಕರೆಸಿ. 1976ರಲ್ಲಿ ಹುಟ್ಟಿದ ಅಮೆರಿಕನ್ ಸೊಸೈಟಿ ಆಫ್ ಹೋಂ ಇನ್‌ಸ್ಪೆಕ್ಟರ್ಸ್ ಎಂಬ ಸಂಘದ ಸದಸ್ಯರು, ತಾವು ಪರೀಕ್ಷಿಸಿದ ಭಾಗದ ರಿಪೇರಿಯನ್ನು ಒಂದು ವರ್ಷದವರೆಗೆ ಹಣಕ್ಕೆ ಮಾಡುವಂತಿಲ್ಲ ಎಂಬ ನಿಯಮವೇ ಇದೆ. ಆ ನೂರಾರು ಡಾಲರ್ ಇಂಥ ನಿಷ್ಪಕ್ಷಪಾತದ ಮಾತಿಗೆ ಕೊಡುವ ಬೆಲೆ. ಆಮೇಲೆ ರಿಪೇರಿಗೆ ಬರುವವರ ಹತ್ತಿರ ರಾಜ್ಯದ ಲೈಸೆನ್ಸ್ ಇದೆಯೇ ಎಂದು ವಿಚಾರಿಸಿ. ಮಿನೆಸೋಟಾದಲ್ಲಿ ಮನೆಗಳ ಸೂರು ಹೊದಿಸುವವರಿಗೆ ಅದು ಬೇಕು.

ಪರೀಕ್ಷಕರು ಬಂದಾಗ

ಮಗಳು ಈ ಪಟ್ಟಿ ಕೈಯಲ್ಲಿ ಹಿಡಿದು ನಿಂತುಕೊಳ್ಳಲಿ.

1. ಅಟ್ಟದ ಒಳಗೆ ಹೋಗುತ್ತೀರಾ? ಇದೇ ಮೊದಲ ಪ್ರಶ್ನೆ. ಹೋಗುವುದಿಲ್ಲ ಎನ್ನುವವರು ಬೇಡವೇ ಬೇಡ. ಇಳಿಜಾರು ಹೆಚ್ಚಾದ ಸೂರನ್ನು ಏಣಿಯಿಂದಲೋ ದೂರದರ್ಶಕದಿಂದಲೋ ನೋಡಿದರೂ ತಪ್ಪಿಲ್ಲ.

2. ಇನ್ಸುಲೇಷನ್ ಎಷ್ಟು ದಪ್ಪ ಇದೆ? ಮಿನೆಸೋಟಾದ ಚಳಿಗೆ ಅಟ್ಟದಲ್ಲಿ ಆರ್-49 ಎಂಬ ಮಟ್ಟ ಬೇಕು. ಹರಡಿದ ವಸ್ತುವನ್ನು ನೋಡಿಕೊಂಡು ಸುಮಾರು 14ರಿಂದ 18 ಅಂಗುಲ. ಹಳೆಯ ಮನೆಯಲ್ಲಿ ಅಭ್ರಕದಂತೆ ಹೊಳೆಯುವ ಹರಳು ವರ್ಮಿಕ್ಯುಲೈಟ್ ಕಂಡರೆ ಕೈ ಹಾಕಬೇಡಿ. ಅದರಲ್ಲಿ ಕಲ್ನಾರು ಇರಬಹುದು.

3. ಸೂರಂಚಿನ ಅಡಿಯ ಗಾಳಿಕಿಂಡಿಗಳು ತೆರೆದಿವೆಯೇ? ಅಲ್ಲಿಂದ ಹೊಕ್ಕ ತಣ್ಣನೆ ಗಾಳಿ ಸೂರಿನ ನೆತ್ತಿಯಿಂದ ಹೊರಟರೆ ಅಟ್ಟ ತಣ್ಣಗಿರುತ್ತದೆ. ಇನ್ಸುಲೇಷನ್ ತುಂಬುವಾಗ ಈ ಕಿಂಡಿಗಳನ್ನೇ ಮುಚ್ಚಿರುವುದುಂಟು.

4. ಬಚ್ಚಲ ಮತ್ತು ಅಡಿಗೆಮನೆಯ ಎಕ್ಸಾಸ್ಟ್ ಫ್ಯಾನಿನ ಕೊಳವೆ ಮನೆಯ ಹೊರಗೆ ಬಿಟ್ಟಿದೆಯೇ, ಇಲ್ಲ ಅಟ್ಟದೊಳಗೇ ಬಿಟ್ಟಿದೆಯೇ?

5. ಶಿಂಗಲ್ಸ್ ಅಡಿಯಲ್ಲಿ, ಸೂರಂಚಿನಿಂದ ಹೊರಗೋಡೆಯ ಒಳಕ್ಕೆ 2 ಅಡಿಯವರೆಗೆ ಅಂಟುವ ರಬ್ಬರ್ ಹಾಳೆ ಹಾಕಿದ್ದಾರೆಯೇ? ಕಟ್ಟೆ ಕಟ್ಟಿದರೂ ಮನೆಗೆ ನೀರು ಇಳಿಯದಂತೆ ತಡೆಯುವುದು ಇದೇ.

6. ಚಿಮಣಿಯ ಬುಡದ ತಗಡು, ಪೈಪುಗಳ ಸುತ್ತಿನ ರಬ್ಬರ್ ಬಿರಿದಿವೆಯೇ? ಫ್ರೀಜರಿನಲ್ಲಿ ಮರೆತ ನೀರಿನ ಬಾಟಲು ಒಡೆಯುವುದನ್ನು ಕಂಡಿದ್ದೀರಲ್ಲ? ನೀರು ಹೆಪ್ಪುಗಟ್ಟಿದಾಗ ಸುಮಾರು 9 ಪಾಲು ಉಬ್ಬುತ್ತದೆ, ನೂರಕ್ಕೆ. ಕೂದಲೆಳೆಯ ಬಿರುಕು ಒಂದೇ ಚಳಿಗಾಲದಲ್ಲಿ ಬೆರಳು ತೂರುವಷ್ಟಾಗುತ್ತದೆ.

ಇಷ್ಟಕ್ಕೂ ಉತ್ತರ ಫೋಟೋ ಸಮೇತ ಬರಹದಲ್ಲಿ ಪಡೆಯಿರಿ. ಮುಂದೆ ಇನ್ಶೂರೆನ್ಸ್ ಕೇಳುವುದಾದರೆ ಅದೇ ಸಾಕ್ಷಿ.

ಬಾಣಂತನಕ್ಕೆ ಹೋಗುವವರಿಗೆ

ಈಗ ನಿಮ್ಮದೇ ಪಾಲಿನ ಕೆಲಸ. ಬಾಣಂತಿ ಮನೆ ಅಂದರೆ ಹಂಡೆ ಹಂಡೆ ಬಿಸಿನೀರು, ಕುಕ್ಕರಿನ ಸೀಟಿ, ಕುದಿಯುವ ಸಾರು, ಮನೆ ತುಂಬ ಒಣಹಾಕಿದ ಬಟ್ಟೆ. ನಮ್ಮಲ್ಲಿ ಆ ಹಬೆ ಕಿಟಕಿಯಿಂದ ಹೊರಟುಹೋಗುತ್ತದೆ. ಅಲ್ಲಿ ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿರುತ್ತಾರೆ. ಹಬೆ ಅಟ್ಟ ಸೇರಿ, ಸೂರಿನ ಹಲಗೆಗೂ ಮೊಳೆಗಳಿಗೂ ಇಬ್ಬನಿಯಂತೆ ಹೆಪ್ಪುಗಟ್ಟುತ್ತದೆ. ಬಿಸಿಲೇರಿದ ದಿನ ಕರಗಿ ತೊಟ್ಟಿಕ್ಕುತ್ತದೆ. ಸೂರು ಸೋರಿತು ಅಂತ ನಾವಂದುಕೊಳ್ಳುತ್ತೇವೆ, ಸೋರಿದ್ದು ನಮ್ಮದೇ ಸಾರಿನ ಹಬೆ! ನಿಮ್ಮ ಮಗಳ ಮನೆಯ ಕಲೆ ಕಟ್ಟೆಯ ನೀರಿನದೋ ಹಬೆಯದೋ ಎಂದು ಬಿಡಿಸಿ ಹೇಳುವುದೂ ಪರೀಕ್ಷಕರ ಕೆಲಸವೇ.

ಅಡಿಗೆ ಮಾಡುವಾಗ ಫ್ಯಾನ್ ಹಾಕಿ, ಪಾತ್ರೆಗೆ ಮುಚ್ಚಳ ಮುಚ್ಚಿ. ಸ್ನಾನವಾದ ಮೇಲೆ ಬಚ್ಚಲ ಫ್ಯಾನ್ ಇನ್ನೂ ಅರ್ಧ ಗಂಟೆ ತಿರುಗಲಿ. ಬಟ್ಟೆಗೆ ಒಣಗಿಸುವ ಯಂತ್ರವೇ ಇರಲಿ. ಕಿಟಕಿ ಗಾಜಿನ ಒಳಮೈಯಲ್ಲಿ ನೀರು ಇಳಿಯುತ್ತಿದ್ದರೆ ಮನೆಯಲ್ಲಿ ತೇವ ಹೆಚ್ಚಿದೆ ಅಂತ ಅರ್ಥ.

ಒಂದು ಮಾತು ಖಂಡಿತವಾಗಿ ನೆನಪಿಡಿ. ಮಗುವಿಗೆ ಸಾಂಬ್ರಾಣಿ ಹಾಕಬೇಕೆಂದು ಆ ಮುಚ್ಚಿದ ಮನೆಯಲ್ಲಿ ಇದ್ದಿಲ ಕೆಂಡ ಮಾಡಬೇಡಿ. ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ಮಲಗಿದಲ್ಲೇ ಪ್ರಾಣ ತೆಗೆಯುತ್ತದೆ. ಮನೆ ಕಾಯಿಸುವ ಫರ್ನೇಸಿನ ಹೊಗೆಕೊಳವೆಯ ಬಾಯಿಗೆ ಹಿಮ ಮುಚ್ಚಿದರೂ ಅದೇ ಅಪಾಯ. ಭಾರಿ ಹಿಮ ಬಿದ್ದಾಗಲೆಲ್ಲ ಆ ಬಾಯಿ ತೆರೆದಿದೆಯೇ ಎಂದು ಅಳಿಯನಿಗೆ ನೋಡಲು ಹೇಳಿ. ಮಲಗುವ ಕೋಣೆಯ ಹತ್ತಿರ ಆ ಅನಿಲದ ಅಲಾರಂ ಇರಲೇಬೇಕು.

ನಡುಚಳಿಯಲ್ಲಿ ಕಟ್ಟೆ ಕಟ್ಟಿದರೆ?

ಕೊಡಲಿ, ಸುತ್ತಿಗೆ ಮುಟ್ಟಬೇಡಿ, ಶಿಂಗಲ್ಸ್ ಒಡೆಯುತ್ತವೆ. ಹಿಮ ಎಳೆಯುವ ಉದ್ದ ಹಿಡಿಯ ಕುಂಟೆ ಅಂಗಡಿಯಲ್ಲಿ ಸಿಗುತ್ತದೆ. ನೆಲದ ಮೇಲೆ ನಿಂತೇ ಸೂರಂಚಿನ ಮೂರು ನಾಲ್ಕು ಅಡಿ ಹಿಮ ಎಳೆದುಹಾಕಿದರೆ ಸಾಕು. ಕರೆಂಟಿನ ತಂತಿ ಮಾತ್ರ ದೂರವಿರಲಿ. ನೀರು ಇಳಿಯುತ್ತಲೇ ಇದ್ದರೆ ಹಳೆಯ ಕಾಲುಚೀಲಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿ ಕಟ್ಟೆಗೆ ಅಡ್ಡಲಾಗಿ ಇರಿಸುತ್ತಾರೆ. ಅದು ಗಡ್ಡೆಯನ್ನು ಕರಗಿಸಿ ನೀರಿಗೆ ದಾರಿ ಬಿಡಿಸುತ್ತದೆ. ಅಡಿಗೆ ಉಪ್ಪು ಬೇಡ, ತಗಡು ತುಕ್ಕು ಹಿಡಿಯುತ್ತದೆ.

ಕಿಟಕಿಯಿಂದಲೇ ಮಾಡಬಹುದಾದ ಪರೀಕ್ಷೆಯೂ ಒಂದುಂಟು. ಹಿಮ ಬಿದ್ದು ಎರಡು ದಿನ ಕಳೆದ ಮೇಲೆ ಅಕ್ಕಪಕ್ಕದ ಸೂರುಗಳನ್ನು ನೋಡಿ. ಎಲ್ಲರ ಸೂರಿನ ಮೇಲೂ ಹಿಮ ಹಾಗೇ ಇದ್ದು ನಿಮ್ಮದರ ಮೇಲೆ ಮಾತ್ರ ನಡುನಡುವೆ ಬೋಳಾಗಿದ್ದರೆ, ಕಾವು ಸೋರುವ ಜಾಗ ಸರಿಯಾಗಿ ಅದರ ಕೆಳಗೇ ಇದೆ. ಸೂರಿನ ಮೇಲೆ ಹಿಮ ಸಮನಾಗಿ ನಿಂತ ಮನೆಯೇ ಆರೋಗ್ಯವಾದ ಮನೆ.

ಆ ಕಂದು ಕಲೆಗೆ ಸುಣ್ಣ ಬಣ್ಣ ಹೊಡೆಸುವ ಆತುರ ಈಗ ಬೇಡ. ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಲಿ. ಗೆರೆ ದಾಟಿದರೆ ರೋಗ ಇನ್ನೂ ಇದೆ, ದಾಟದಿದ್ದರೆ ರಿಪೇರಿ ಫಲಿಸಿದೆ. ಪರೀಕ್ಷೆಯಾಗಿ, ಅಟ್ಟದ ಕೆಲಸ ಮುಗಿಯುವವರೆಗೆ ತೊಟ್ಟಿಲು ಬೇರೆ ಕೋಣೆಯಲ್ಲಿರಲಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿಯುವವರೆಗೆ ಬಿಡಬೇಡಿ ಅಂತ ಅಳಿಯಂದಿರಿಗೆ ನಾನೂ ಹೇಳಿದೆ ಅನ್ನಿ. ತಾಯಿ-ಮಗು ಸುಖವಾಗಿರಲಿ.